ಮನೆ ನೋಡಲು ಬಂದ ಐದನೆಯವಳು

ಆಕೆಯನ್ನು ಬೀದಿಯವರೆಲ್ಲ ಎಣಿಕೆಯಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಸಾರ್ವಜನಿಕ ಈಜುಕೊಳದ ಗೇಟಿನಲ್ಲಿ ಕುಳಿತು, ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ತಲೆ ಎಣಿಸುವುದೇ ಆಕೆಯ ಕೆಲಸವಾಗಿತ್ತು. ಒಳಗೆ ಹೋಗುವವರ ಕೈಗೆ ನಂಬರಿನ ಬಿಲ್ಲೆ ಕೊಟ್ಟು, ಬರುವಾಗ ವಾಪಸ್ ತೆಗೆದುಕೊಳ್ಳುವ ಪದ್ಧತಿಯೂ ಇತ್ತು. ಆದರೆ ಬಿಲ್ಲೆಯನ್ನು ಆಕೆ ನಂಬುತ್ತಿರಲಿಲ್ಲ. ಒಂದು ಸಂಜೆ ಬಿಲ್ಲೆಗಳೆಲ್ಲ ತಂತಮ್ಮ ಮೊಳೆಗೆ ಬಂದು ಸೇರಿದ್ದರೂ "ಒಬ್ಬರು ಕಮ್ಮಿ ಇದಾರೆ, ಬೀಗ ಹಾಕೋಕೆ ಬಿಡಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ಮ್ಯಾನೇಜರು ಬಾಯಿಗೆ ಬಂದ ಹಾಗೆ ಬೈದ. ಈಕೆ ಜಗ್ಗಲಿಲ್ಲ. ಹುಡುಕಿದರೆ, ಬಟ್ಟೆ ಬದಲಿಸುವ ಕೊನೆಯ ಕೋಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎದೆ ಹಿಡಿದುಕೊಂಡು ಗೋಡೆಗೊರಗಿ ಕುಸಿದಿದ್ದರು. ಅವರ ಬಿಲ್ಲೆಯನ್ನು ಇನ್ಯಾರೋ ತಮ್ಮದರ ಜೊತೆ ಕೊಟ್ಟು ಹೋಗಿದ್ದರು. ಮೇಷ್ಟ್ರು ಬದುಕಿದರು. ಅಂದಿನಿಂದ ಎಣಿಕೆಯಮ್ಮನ ಲೆಕ್ಕವನ್ನು ಪ್ರಶ್ನಿಸುವವರೇ ಇಲ್ಲವಾದರು.

ಆಕೆಯ ಗಂಡ ಬಡಗಿ. ಮರದ ಜೊತೆ ಇದ್ದು ಇದ್ದು ಮರದ ಹಾಗೇ ಆಗಿದ್ದ ಮನುಷ್ಯ. ಮಾತೆಂದರೆ ಆತನಿಗೆ ಅಷ್ಟಕ್ಕಷ್ಟೇ. ಏನು ಕೇಳಿದರೂ ಮೂಗಿನೊಳಗಿಂದ ಒಂದು "ಹ್ಞೂಂ". ಅದರಲ್ಲೇ ಹೌದು, ಅದರಲ್ಲೇ ಅಲ್ಲ, ಅದರಲ್ಲೇ 'ನಿನ್ನಿಷ್ಟ'. "ಟೀ ಬೇಕಾ, ಕಾಫಿನಾ?" ಎಂದು ಕೇಳಿದರೂ "ಹ್ಞೂಂ" ಎಂದರೆ ಹೆಂಡತಿಯಾದವಳು ಏನು ಮಾಡಬೇಕು? ಆಕೆ ಎರಡನ್ನೂ ಮಾಡಿ, ಒಂದನ್ನು ತಾನು ಕುಡಿಯುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಆತ ತೀರಿಕೊಂಡು ಮೂರು ವರ್ಷವಾದರೂ ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿನ ಕುರ್ಚಿಯ ಕಡೆ ನೋಡಿ ಮಾತಾಡುವ ಅಭ್ಯಾಸ ಆಕೆಗೆ ಹೋಗಲಿಲ್ಲ. ಉತ್ತರ ಬರುತ್ತಿರಲಿಲ್ಲ ಎನ್ನುವುದನ್ನು ಬಿಟ್ಟರೆ ಅಂದಿಗೂ ಇಂದಿಗೂ ಅಂಥ ವ್ಯತ್ಯಾಸವೇನೂ ಇಲ್ಲ ಎಂದು ತಂಗಿಯ ಹತ್ತಿರ ತಮಾಷೆ ಮಾಡುತ್ತಿದ್ದಳು.

ಈ ತಂಗಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು. ಕಂಡದ್ದನ್ನು ಕಂಡ ಹಾಗೆ ಹೇಳುವ ಜಾತಿ. ಅಕ್ಕನ ಮಂಡಿ ಸವೆದು ಮಹಡಿ ಮೆಟ್ಟಿಲು ಹತ್ತುವುದೇ ನಿಂತುಹೋದ ಮೇಲೆ, "ಮೇಲೆ ಎರಡು ಕೋಣೆ ಧೂಳು ತಿನ್ನೋಕಾ? ಮಾರಿಬಿಡಕ್ಕಾ. ನನ್ನ ಫ್ಲ್ಯಾಟಿಗೆ ಬಾ. ನೆಲ ಮಹಡಿ. ಇಬ್ಬರೂ ಮುದುಕಿಯರು ಜಗಳ ಆಡ್ಕೊಂಡು ಇರೋಣ" ಎಂದು ಗಂಟುಬಿದ್ದಳು. ಮಂಡಿ ಕೂಡ ತಂಗಿಯ ಪಕ್ಷವೇ ವಹಿಸಿತು. ಕೊನೆಗೊಂದು ದಿನ ಎಣಿಕೆಯಮ್ಮ ಒಪ್ಪಿಕೊಂಡು, ಗೇಟಿಗೆ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ಕಟ್ಟಿಸಿದಳು.

ಬೋರ್ಡಿನ ಹಿಂದೆಯೇ ಬ್ರೋಕರ್ ಬಂದ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಗಲಗಲ ಅನ್ನುತ್ತಿದ್ದುದರಿಂದ ಊರವರು ಅವನನ್ನು ಚಾವಿ ಅನ್ನುತ್ತಿದ್ದರು. ಮೊದಲ ಸಲ ಅವನು ಒಂದು ಪಾರ್ಟಿಯನ್ನು ಕರೆತಂದಾಗ ಎಣಿಕೆಯಮ್ಮ ಬಾಗಿಲಲ್ಲೇ ನಿಂತು ಬರಮಾಡಿಕೊಂಡು, ಅವರ ಬೆನ್ನಿಗೆ ಬಿದ್ದು ಸುತ್ತಿದಳು. ಅಡುಗೆಮನೆ ನಲ್ಲಿ ಬೇಸಿಗೆಯಲ್ಲಿ ಕೈ ಕೊಡುತ್ತದೆ ಎಂದಳು. ಈ ಮೂಲೆಯಲ್ಲಿ ತೇವ ಬರುತ್ತದೆ, ಮೂರು ಸಲ ಬಣ್ಣ ಹೊಡೆಸಿದರೂ ಹೋಗಿಲ್ಲ ಎಂದಳು. ಊಟದ ಮೇಜಿನ ಹತ್ತಿರ ಬಂದಾಗ, "ನಮ್ಮನೆಯವರು ಇಲ್ಲೇ, ಈ ಕುರ್ಚಿಯಲ್ಲೇ ಕೂತಿದ್ದ ಹಾಗೇ ಹೋಗಿಬಿಟ್ರು" ಎಂದು ಕುರ್ಚಿ ಎಳೆದು ತೋರಿಸಿದಳು. ಪಾರ್ಟಿ ಮಹಡಿ ನೋಡದೆಯೇ ಕಾರು ಹತ್ತಿತು.

ಚಾವಿ ತಲೆಯ ಮೇಲೆ ಕೈ ಹೊತ್ತು ಕೂತ. "ಅಮ್ಮಾ, ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರೆ ಅಂತ ಗಾದೇನೇ ಇದೆ. ಮನೆ ನೋಡೋಕೆ ಬಂದವರಿಗೆ ನೀವು ಕಾಣಬಾರದು. ನೀವು ಇದ್ರೆ ಅದು ನಿಮ್ಮ ಮನೆ. ನೀವಿಲ್ದೇ ಇದ್ರೆ ಅವರಿಗೆ ತಮ್ಮ ಮನೆ ಅನಿಸುತ್ತೆ."

"ಹಾಗಾದ್ರೆ ನಾನೇನು ಗಾಳಿಯಲ್ಲಿ ಕರಗಿ ಹೋಗಲಾ?"

"ಎದುರಿನ ಲಾಂಡ್ರಿ ಹತ್ರ ಬೆಂಚಿದೆಯಲ್ಲ, ಅಲ್ಲಿ ಕೂತ್ಕೊಳ್ಳಿ. ಅದಕ್ಕೆ ಮುಂಚೆ ಎಲ್ಲಾ ಕಿಟಕಿ ತೆಗೀರಿ, ಲೈಟು ಹಾಕಿ. ಗೋಡೆ ಮೇಲಿನ ಫೋಟೊ ಇಳಿಸಿಬಿಡಿ. ಮಾತ್ರೆ, ಕಾಗದ ಪತ್ರ, ಒಡವೆ ಬೀರುವಿನಲ್ಲಿ ಹಾಕಿ ಬೀಗ ಹಾಕಿ. ಒಗ್ಗರಣೆ ವಾಸನೆ ಬರಬಾರದು. ಮಿಕ್ಕಿದ್ದು ನಂಗೆ ಬಿಡಿ. ಮನೆ ತಾನೇ ಮಾತಾಡಲಿ."

ಆಕೆ ಹಾಗೇ ಮಾಡಿದಳು. ಗಂಡನ ಫೋಟೊ ಇಳಿಸಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುವಾಗ ಮಾತ್ರ, "ಒಂದು ಗಂಟೆ ತಡ್ಕೊಳ್ಳಿ, ಮಾರಾಟಕ್ಕೋಸ್ಕರ" ಎಂದು ಸಮಾಧಾನ ಹೇಳಿದಳು.

ಆ ಶನಿವಾರ ಮೂರು ಗಂಟೆಗೆ ಎಣಿಕೆಯಮ್ಮ ಬೆಂಚಿನ ಮೇಲೆ ಕೂತಿದ್ದಳು. ಬ್ರೋಕರ್ ಎರಡು ಪಾರ್ಟಿಗಳನ್ನು ಒಟ್ಟಿಗೇ ಕರೆದಿದ್ದ. ಗೇಟಿನೊಳಕ್ಕೆ ಮೊದಲು ಹೊಸದಾಗಿ ಮದುವೆಯಾದ ಒಂದು ಜೋಡಿ ಹೋಯಿತು. ಹಿಂದೆಯೇ ಉದ್ದನೆಯ ಗಂಡಸೊಬ್ಬ, ಅವನ ತಾಯಿ. ಕೊನೆಗೆ ಬೂದು ಬಣ್ಣದ ಶಾಲು ಹೊದ್ದ ಒಬ್ಬ ಹೆಂಗಸು. ಐದು. ಎಣಿಸಬೇಕೆಂದು ಎಣಿಸಿದ್ದಲ್ಲ. ಉಸಿರಾಡಿದ ಹಾಗೆ ಅದು ತಾನಾಗೇ ಆಗುತ್ತಿತ್ತು. ಅರ್ಧ ಗಂಟೆಯ ಮೇಲೆ ಜೋಡಿ ಹೊರಗೆ ಬಂತು, ತಾಯಿ ಮಗ ಬಂದರು. ಚಾವಿ ಬಾಗಿಲು ಎಳೆದುಕೊಂಡು ಬಂದು ಬೀಗದ ಕೈ ಆಕೆಯ ಕೈಗಿಟ್ಟ.

"ಇನ್ನೊಬ್ಬರು ಎಲ್ಲಪ್ಪಾ?"

"ಯಾರಮ್ಮಾ?"

"ಐದು ಜನ ಒಳಗೆ ಹೋದರು. ನಾಲ್ಕು ಜನ ಬಂದರು."

ಚಾವಿ ನಕ್ಕ. "ನನ್ನೂ ಸೇರಿಸಿ ಐದು ಎಣಿಸಿರಬೇಕು ನೀವು." ಆದರೂ ಆಕೆಯ ಮುಖ ನೋಡಿ ಒಳಗೆ ಹೋಗಿ ಒಂದು ಸುತ್ತು ಹಾಕಿದ. ಮಹಡಿಯಿಂದಲೇ ಕೂಗಿದ, "ಯಾರೂ ಇಲ್ಲಮ್ಮಾ!"

ಸಂಜೆ ಫೋನಿನಲ್ಲಿ ತಂಗಿಯೂ ಅದನ್ನೇ ಹೇಳಿದಳು. "ಅರವತ್ತೈದು ದಾಟಿತಲ್ಲಕ್ಕಾ. ಒಂದೆರಡು ತಪ್ಪಿದರೆ ಪ್ರಪಂಚ ಮುಳುಗಿ ಹೋಗಲ್ಲ."

ಪ್ರಪಂಚ ಮುಳುಗಲಿಲ್ಲ ನಿಜ. ಆದರೆ ಎಣಿಕೆಯಮ್ಮನ ಮನಸ್ಸಿನಲ್ಲಿ ಮುಳ್ಳು ಉಳಿದುಬಿಟ್ಟಿತು. ಮಾರನೆಯ ದಿನ ಒಂದು ಡಜನ್ ಬಾಳೆಹಣ್ಣಿನಲ್ಲಿ ಎರಡು ತಿಂದಿದ್ದಳು, ಉಳಿದದ್ದು ಒಂಬತ್ತು. ಸೋಮವಾರ ಬ್ರೆಡ್ಡಿನ ಪೊಟ್ಟಣ ತಾನು ಕಟ್ಟಿಟ್ಟ ಹಾಗಿರಲಿಲ್ಲ. ಮಂಗಳವಾರ ಸ್ನಾನ ಮುಗಿಸಿ ಬಂದರೆ ಹಾಲಿನ ಪಾತ್ರೆಯ ಒಳಗೋಡೆಯಲ್ಲಿ ಕೆನೆಯ ಗೆರೆ ಮೇಲಿತ್ತು, ಹಾಲು ಕೆಳಗಿತ್ತು. ತಾನೇ ಕುಡಿದು ಮರೆತೆನೇನೋ ಎಂದುಕೊಂಡು ತುಟಿ ಸವರಿ ನೋಡಿಕೊಂಡಳು. ಮಧ್ಯಾಹ್ನದ ಹೊತ್ತು ಮಹಡಿಯಲ್ಲಿ ನೆಲ ಕಿರ್ ಅನ್ನುವುದು ಕೇಳಿಸುತ್ತಿತ್ತು. ಮರದ ನೆಲ ಬಿಸಿಲಿಗೆ ಹಾಗೆ ಅನ್ನುತ್ತದೆ, ಗಂಡನೇ ಹೇಳಿದ್ದ. ಆದರೆ ಬಿಸಿಲಿಗೆ ಅನ್ನುವ ಸದ್ದು ಒಂದು ಕಡೆ ಇರುತ್ತದೆ. ಇದು ಕಿಟಕಿಯಿಂದ ಬಾಗಿಲವರೆಗೆ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಿಟಕಿಗೆ ಹೋಗುತ್ತಿತ್ತು. ಆಕೆ ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದಳು. ಹತ್ತೋಣವೆಂದರೆ ಎರಡನೇ ಮೆಟ್ಟಿಲಿಗೇ ಮಂಡಿ ಚಳಕ್ ಅನ್ನುತ್ತಿತ್ತು.

ಹೆದರಿಕೆ ಮೇಲಿನ ಸದ್ದಿನದಲ್ಲ. ತನ್ನ ಲೆಕ್ಕವೇ ತನ್ನ ಕೈಬಿಡುತ್ತಿದೆಯಲ್ಲ ಎನ್ನುವುದೇ ಹೆದರಿಕೆ. ಆಕೆ ಏನೇನನ್ನೋ ಎಣಿಸತೊಡಗಿದಳು. ಚಮಚ, ಲೋಟ, ಅಂಗಿಯ ಗುಂಡಿ. ಅವೆಲ್ಲ ಸರಿಯಾಗೇ ಇರುತ್ತಿದ್ದವು. ತಿನ್ನುವ ಪದಾರ್ಥ ಮಾತ್ರ ತಪ್ಪುತ್ತಿತ್ತು.

ಗುರುವಾರ ಮಧ್ಯಾಹ್ನ ಎಂದಿನಂತೆ ಊಟಕ್ಕೆ ಕೂತಳು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಎರಡು ತುತ್ತು ತಿಂದು, ಎದುರಿನ ಕುರ್ಚಿ ನೋಡಿ, "ಉಪ್ಪು ಜಾಸ್ತಿ ಆಯ್ತು ಅಲ್ವಾ?" ಎಂದಳು.

"ಹ್ಞೂಂ."

ಮೂಗಿನೊಳಗಿಂದ ಬಂದ, ಸ್ವಲ್ಪ ಎಳೆದ, ಕೊನೆಯಲ್ಲಿ ತಗ್ಗಿದ ಹ್ಞೂಂ. ಅದು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಕೋಣೆಯೊಳಗಿಂದಲೇ ಬಂತು. ಎಣಿಕೆಯಮ್ಮನ ಕೈಯ ತುತ್ತು ತಟ್ಟೆಗೆ ಬಿತ್ತು. ಕೂತಲ್ಲಿಂದ ಅಲ್ಲಾಡದೆ, ಕುರ್ಚಿಯಿಂದ ಕಣ್ಣು ಕೀಳದೆ ಎಷ್ಟು ಹೊತ್ತು ಇದ್ದಳೋ, ಅನ್ನ ಅಂಟಿದ ಬೆರಳುಗಳು ಒಣಗಿ ಹೋಗಿದ್ದವು. ಎದ್ದು ಕೈ ತೊಳೆಯುವಾಗ ಅಳು ಬಂತು. ಆದರೆ ಅದು ದುಃಖದ ಅಳುವಲ್ಲ.

ಅಂದೇ ಸಂಜೆ ಚಾವಿಗೆ ಫೋನು ಮಾಡಿದಳು. "ಮನೆ ಮಾರಲ್ಲಪ್ಪಾ. ಬೋರ್ಡು ಬಿಚ್ಚಿಬಿಡು."

"ಅಯ್ಯೋ ಅಮ್ಮಾ, ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಇಲ್ಲಿ ನಾನೊಬ್ಬಳೇ ಇಲ್ಲ, ಅಷ್ಟೇ."

ಚಾವಿ, "ಶನಿವಾರ ಒಂದು ಒಳ್ಳೇ ಕುಟುಂಬಕ್ಕೆ ಬರೋಕೆ ಹೇಳಿಬಿಟ್ಟಿದೀನಿ. ಬಂದವರು ನೋಡ್ಕೊಂಡು ಹೋಗಲಿ. ನೋಡಿದ ಮಾತ್ರಕ್ಕೆ ಮನೆ ಸವೆಯುತ್ತಾ? ಆಮೇಲೆ ನಿಮ್ಮಿಷ್ಟ" ಎಂದು ಗೋಗರೆದ. ಆಕೆಗೆ ಇಲ್ಲವೆನ್ನಲಾಗಲಿಲ್ಲ.

ಶನಿವಾರ ಮೂರಕ್ಕೆ ಮತ್ತೆ ಬೆಂಚು. ಈ ಸಲ ಒಂದೇ ಪಾರ್ಟಿ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ಗಂಡನ ಸೋದರತ್ತೆ. ನಾಲ್ಕೇ ತಲೆ. ಎಣಿಕೆಯಮ್ಮ ಒಂದು ಸಲವಲ್ಲ, ಮೂರು ಸಲ ಎಣಿಸಿದಳು. ಲಾಂಡ್ರಿಯವನನ್ನೂ ಕರೆದು, "ಎಷ್ಟು ಜನ ಹೋದ್ರು ನೋಡಪ್ಪಾ" ಎಂದಳು. "ಬ್ರೋಕರ್ ಬಿಟ್ಟು ನಾಲ್ಕು" ಎಂದ ಅವನು.

ಮುಕ್ಕಾಲು ಗಂಟೆಯ ನಂತರ ಬಾಗಿಲು ತೆರೆಯಿತು. ಗಂಡ ಬಂದ. ಹೆಂಡತಿ ಮಗಳು ಬಂದರು. ಸೋದರತ್ತೆ ಮೆಲ್ಲಗೆ ಮೆಟ್ಟಿಲಿಳಿದರು. ಅವರ ಮೊಣಕೈಗೆ ಆಸರೆ ಕೊಟ್ಟುಕೊಂಡು ಬೂದು ಶಾಲಿನ ಹೆಂಗಸು ಹೊರಗೆ ಬಂದಳು.

ಐದು.

ಎಣಿಕೆಯಮ್ಮನಿಗೆ ಎದೆ ಝಲ್ಲೆಂದಿತು. ಮರುಕ್ಷಣ, ಹೇಳಬಾರದು, ಒಂದು ಸಣ್ಣ ಸಮಾಧಾನವೂ ಆಯಿತು. ಹೋದ ವಾರ ಐದರಲ್ಲಿ ನಾಲ್ಕು, ಈ ವಾರ ನಾಲ್ಕಕ್ಕೆ ಐದು. ತನ್ನ ಲೆಕ್ಕ ತಪ್ಪಿರಲಿಲ್ಲ. ಆ ಹೆಂಗಸು ಗೇಟಿನಲ್ಲಿ ಸೋದರತ್ತೆಯ ಕೈ ಬಿಟ್ಟು, ಯಾರಿಗೂ ಏನೂ ಹೇಳದೆ, ಬೀದಿಯ ಕೊನೆಯ ಕಡೆ ಬಿರಬಿರನೆ ನಡೆದಳು. ಎಣಿಕೆಯಮ್ಮ ಮಂಡಿ ನೋವನ್ನು ಹಲ್ಲುಕಚ್ಚಿ ನುಂಗಿ ಹಿಂಬಾಲಿಸಿದಳು.

ತಿರುವು ದಾಟಿದ ಮೇಲೆ ಬಸ್ ಸ್ಟಾಪಿನಲ್ಲಿ ಆ ಹೆಂಗಸು ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕಿಂತ ಕುಸಿದಿದ್ದಳು. ಐವತ್ತರ ಆಸುಪಾಸು, ಒಪ್ಪವಾಗಿ ಬಾಚಿದ ತಲೆ, ಕೆಂಪಗಾದ ಕಣ್ಣು. ಎಣಿಕೆಯಮ್ಮನನ್ನು ಕಂಡು ಎದ್ದು ಓಡಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಏಳು ದಿನ ನನ್ನ ಮನೇಲಿ ಇದ್ಯಲ್ಲ, ಯಾರು ನೀನು?" ಎಣಿಕೆಯಮ್ಮ ಏದುಸಿರಿನಲ್ಲೇ ಕೇಳಿದಳು.

"ತಪ್ಪಾಯ್ತಕ್ಕಾ." ದನಿ ಮೆತ್ತಗಿತ್ತು. "ಅಜ್ಜಿಯೊಬ್ಬರನ್ನ ನೋಡ್ಕೊಳ್ಳೋಕೆ ಹನ್ನೊಂದು ವರ್ಷ ಅವರ ಮನೇಲೇ ಇದ್ದೆ. ಅವರು ಹೋದ್ರು, ಮನೆ ಮಾರಿದ್ರು. ಅಲ್ಲಿಗೆ ನೋಡೋಕೆ ಬಂದವರನ್ನ ಕಂಡೇ ನಂಗಿದು ಹೊಳೆದದ್ದು. ಮಾರಾಟದ ಮನೇಲಿ ಯಾರೂ ಯಾರನ್ನೂ ನೀನ್ಯಾರು ಅಂತ ಕೇಳಲ್ಲ. ಬ್ರೋಕರ್ ನನ್ನ ಪಾರ್ಟಿ ಕಡೆಯವಳು ಅನ್ಕೋತಾನೆ, ಪಾರ್ಟಿಯವರು ಬ್ರೋಕರ್ ಕಡೆಯವಳು ಅನ್ಕೋತಾರೆ. ಖಾಲಿ ಮನೆಗಳಲ್ಲಿ ಇರ್ತಿದ್ದೆ. ನಿಮ್ಮದೂ ಖಾಲಿ ಅನ್ಕೊಂಡೆ. ಒಂದು ಫೋಟೊನೂ ಇರಲಿಲ್ಲವಲ್ಲ ಗೋಡೆ ಮೇಲೆ. ಮೇಲಿನ ಅಟ್ಟದಲ್ಲಿ ಟ್ರಂಕಿನ ಹಿಂದೆ ಮಲಗಿದೆ. ಸಂಜೆ ನೀವು ಒಳಗೆ ಬಂದು ಬೀಗ ಹಾಕ್ಕೊಂಡ್ರಿ. ಆಮೇಲೆ ಹೊರಗೆ ಬರೋ ದಾರೀನೇ ಸಿಗಲಿಲ್ಲ. ನೀವು ಹೊರಗೆ ಹೋಗುವಾಗೂ ಬೀಗ ಹಾಕ್ತಿದ್ರಿ."

"ಕೂಗಬಹುದಿತ್ತಲ್ಲ?"

"ಕೂಗಿ ಏನು ಹೇಳಲಿ?"

ಎಣಿಕೆಯಮ್ಮ ಅವಳ ಪಕ್ಕದಲ್ಲಿ ಕೂತಳು. ಬಾಳೆಹಣ್ಣು, ಹಾಲು, ಮೇಲಿನ ಹೆಜ್ಜೆ, ಎಲ್ಲವೂ ಒಂದೊಂದಾಗಿ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಹಾಗೆ ಕೂರುತ್ತ ಕೂರುತ್ತ ಎದೆಯೊಳಗೆ ಏನೋ ಬರಿದಾಗುತ್ತ ಹೋಯಿತು. ಹಾಗಾದರೆ ಗುರುವಾರದ್ದೂ ಇವಳೇ.

"ನಿಂಗೆ ಹಸಿವಿತ್ತು, ತಿಂದೆ. ಅದಿರಲಿ," ಎಂದಳು ಎಣಿಕೆಯಮ್ಮ. "ಆದರೆ ಗುರುವಾರ ಊಟದ ಹೊತ್ತಲ್ಲಿ ಯಾಕೆ ಹ್ಞೂಂ ಅಂದೆ? ಹಾಗೆ ಆಟ ಆಡಬಾರದಿತ್ತು ನನ್ನ ಜೊತೆ."

ಆ ಹೆಂಗಸು ತಿರುಗಿ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಗಿತ್ತು.

"ನಾನಲ್ಲಕ್ಕಾ."

"ಮತ್ತೆ?"

"ನಾನೂ ಕೇಳಿಸ್ಕೊಂಡೆ. ಊಟಕ್ಕೆ ಯಾರೋ ಬಂದಿರಬೇಕು ಅನ್ಕೊಂಡೆ. ಬಾಗಿಲ ಸದ್ದೇ ಬಂದಿರಲಿಲ್ಲ. ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದ್ರೆ ನೀವೊಬ್ಬರೇ ಕೂತಿದ್ರಿ." ಅವಳು ಶಾಲನ್ನು ಎದೆಗೆ ಎಳೆದುಕೊಂಡಳು. "ಅದಾದ್ರೂ ಹೋಗ್ಲಿ ಅನ್ನಿ. ನಿನ್ನೆ ಬೆಳಿಗ್ಗೆ ನೀವು ಪೇಟೆಗೆ ಹೋದ್ರಲ್ಲ, ಬೀಗ ಹಾಕಿ? ಮನೇಲಿ ನಾನೊಬ್ಬಳೇ. ಕಿಟಕಿ ಹತ್ರ ನಿಂತು, ಸುಮ್ನೆ ಬಾಯಿಮಾತಿಗೆ, 'ಏನು ಬಿಸಿಲಪ್ಪಾ ಇವತ್ತು' ಅಂದೆ. ಕೆಳಗಿಂದ ಹ್ಞೂಂ ಅಂತು."

ಎಣಿಕೆಯಮ್ಮ ಅವಳ ಕಡೆ ಪೂರ್ತಿ ತಿರುಗಿ ಕೂತಳು.

"ನೀವು ಬರೋವರೆಗೂ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಆಮೇಲೆ ಕಣ್ಣು ಮುಚ್ಚಿಲ್ಲ. ಇವತ್ತು ಇವರು ಬರದೇ ಇದ್ದಿದ್ರೆ ಕಿಟಕಿಯಿಂದ ಹಾರಿಬಿಡ್ತಿದ್ದೆ."

ಆಗ ಎಣಿಕೆಯಮ್ಮನಿಗೆ ಏನನ್ನಿಸಿತು ಎಂದು ಕೇಳಿದರೆ ನಗು ಬಂದೀತು. ಮೊದಲು ಬಂದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ತಾನು ಮೂರು ವರ್ಷ ದಿನಾ ಮಾತಾಡಿಸಿದರೆ ಒಂದೇ ಒಂದು ಹ್ಞೂಂ. ಯಾರೋ ಅಪರಿಚಿತೆ ಬಂದು ಬಿಸಿಲಿನ ಸುದ್ದಿ ಎತ್ತಿದ್ದಕ್ಕೆ ಅವಳಿಗೂ ಒಂದು! ಹೆದರಿಕೆ ಆಮೇಲೆ ಬಂತು, ಆ ಹೆಂಗಸು ಮತ್ತೆ ಮತ್ತೆ ತಿರುವಿನ ಕಡೆ ಹಿಂದಿರುಗಿ ನೋಡುವುದನ್ನು ಕಂಡಾಗ.

ಪೊಲೀಸರಿಗೆ ಹೇಳುವ ಯೋಚನೆ ಆಕೆಗೆ ಬರಲೇ ಇಲ್ಲ. ತಂಗಿಗೆ ಫೋನು ಮಾಡಿದಳು. ತಂಗಿ ಬಂದು, ಮೊದಲು ಇಬ್ಬರನ್ನೂ ಚೆನ್ನಾಗಿ ಬೈದು, ಆಮೇಲೆ ಆ ಹೆಂಗಸನ್ನು ತನ್ನ ಪರಿಚಯದ ವೃದ್ಧರ ಆರೈಕೆ ಮನೆಯೊಂದಕ್ಕೆ ಕರೆದೊಯ್ದಳು. ಅಲ್ಲಿ ಕೆಲಸದ ಜೊತೆ ಮಲಗಲು ಮಂಚವೂ ಸಿಕ್ಕಿತು. ಹ್ಞೂಂ ವಿಷಯಕ್ಕೆ ಮಾತ್ರ, "ಹೊಟ್ಟೆಗಿಲ್ಲದವರ ಕಿವಿಯಲ್ಲಿ ಏನು ಬೇಕಾದ್ರೂ ಕೇಳುತ್ತೆ. ನಿಂಗೆ ಹೊಟ್ಟೆ ತುಂಬಿದ್ರೂ ಕೇಳುತ್ತೆ" ಎಂದು ಕೈ ಝಾಡಿಸಿಬಿಟ್ಟಳು.

ಆ ಭಾನುವಾರ ಮಧ್ಯಾಹ್ನ ಎಣಿಕೆಯಮ್ಮ ಗಂಡನ ಫೋಟೊ ಹೊರಗೆ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತಳು. "ಮನೆ ಮಾರಲಾ? ಇಲ್ಲಾ ಇಲ್ಲೇ ಇರಲಾ?" ಎಂದು ಕೇಳಿದಳು. ಕಾದಳು. ನಲ್ಲಿಯ ಹನಿ ತೊಟ್ಟಿಕ್ಕುತ್ತಿತ್ತು. ಬಿಸಿಲು ಮೇಜಿನಿಂದ ನೆಲಕ್ಕಿಳಿದು, ನೆಲದಿಂದ ಗೋಡೆಗೆ ಹೋಯಿತು. ಏನೂ ಬರಲಿಲ್ಲ. ಬಂದಿದ್ದರೂ ಹ್ಞೂಂ ಎಂದೇ ಬರುತ್ತಿತ್ತು, ಅದರಿಂದ ಯಾವುದನ್ನು ಅರ್ಥ ಮಾಡಿಕೊಳ್ಳಬೇಕಿತ್ತು? ಆಕೆ ಏಳಲು ಹೋದಾಗ ಮಂಡಿ ಹಿಡಿದುಕೊಂಡು ಮೇಜಿಗೆ ಆತುಕೊಳ್ಳಬೇಕಾಯಿತು. ಆ ನೋವಿಗೆ ಮಾತ್ರ ಎರಡರ್ಥ ಇರಲಿಲ್ಲ. ಸೋಮವಾರ ಚಾವಿಗೆ, "ಆ ನಾಲ್ಕು ಜನಕ್ಕೆ ಹೇಳಪ್ಪಾ, ಕೊಡ್ತೀನಿ ಅಂತ" ಎಂದಳು. ಜೊತೆಗೊಂದು ಮಾತೂ ಸೇರಿಸಿದಳು, "ಇನ್ನು ಮೇಲೆ ಯಾರ ಮನೆ ತೋರಿಸಿದ್ರೂ, ಬೀಗ ಹಾಕೋ ಮುಂಚೆ ಅಟ್ಟಕ್ಕೆ ಟಾರ್ಚ್ ಬಿಟ್ಟು ನೋಡು. ಬಂದವರನ್ನೆಲ್ಲ ಹೆಸರು ಕೇಳಿ ಬರ್ಕೋ." ಚಾವಿ ನಡೆದದ್ದೆಲ್ಲ ಕೇಳಿದ ಮೇಲೆ ನಗಲಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡ.

ಮನೆ ಒಪ್ಪಿಸುವ ದಿನ ಕೊಂಡವರ ಹೆಂಡತಿ ಆಕೆಯನ್ನು ಪಕ್ಕಕ್ಕೆ ಕರೆದು, "ಬ್ರೋಕರ್ ಏನೋ ಎಲ್ಲಾ ಚೆನ್ನಾಗಿದೆ ಅಂತಾರೆ. ನೀವು ಹೇಳಿ ಅಮ್ಮಾ, ಮನೇಲಿ ಏನಾದ್ರೂ ತೊಂದರೆ ಇದೆಯಾ?" ಎಂದಳು.

ಎಣಿಕೆಯಮ್ಮ ಚಾವಿಯ ಕಡೆ ನೋಡಿದಳು. ಅವನು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ. "ಬೇಸಿಗೇಲಿ ಅಡುಗೆಮನೆ ನಲ್ಲಿ ಕೈ ಕೊಡುತ್ತೆ. ಆ ಮೂಲೇಲಿ ತೇವ ಇದೆ," ಎಂದಳು. ಒಂದು ಗಳಿಗೆ ತಡೆದು ಕೇಳಿದಳು, "ನಿಮ್ಮಲ್ಲಿ ಯಾರಿಗಾದ್ರೂ ಒಬ್ಬರೇ ಇದ್ದಾಗ ಮಾತಾಡ್ಕೊಳ್ಳೋ ಅಭ್ಯಾಸ ಇದೆಯಾ?"

"ಇಲ್ಲವಲ್ಲ. ಯಾಕೆ?"

"ಹಾಗಾದ್ರೆ ಏನೂ ತೊಂದರೆ ಇಲ್ಲ ಬಿಡಿ."

ತಂಗಿಯ ಫ್ಲ್ಯಾಟಿನಲ್ಲಿ ಆಕೆಗೆ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಮೆಟ್ಟಿಲಿಲ್ಲದ ಬದುಕು ಮಂಡಿಗೆ ಹಿತವಾಯಿತು. ತಂಗಿಯೋ, ಒಂದು ಕೇಳಿದರೆ ಹತ್ತು ಹೇಳುವವಳು. ಊಟದ ಹೊತ್ತಿನಲ್ಲಿ ಮಾತು ಸಾಕಪ್ಪಾ ಸಾಕು ಅನ್ನುವಷ್ಟಿರುತ್ತಿತ್ತು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಬಟ್ಟೆ ಮಡಿಸುತ್ತಿದ್ದಾಗ ತಂಗಿಯೇ ಆ ವಿಷಯ ತೆಗೆದಳು.

"ನಿಜ ಹೇಳಕ್ಕಾ. ಆ ಹೆಂಗಸು ಹೇಳಿದ್ದನ್ನ ನೀನು ನಂಬ್ತೀಯಾ? ತನ್ನ ತಪ್ಪು ಮುಚ್ಚೋಕೆ ಕಟ್ಟಿದ ಕತೆ ಅನ್ಸಲ್ವಾ?"

ಎಣಿಕೆಯಮ್ಮ ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು.

"ಮನೆ ಇಲ್ಲದವಳು ಅವಳು. ನನ್ನ ಮನೇಲಿ ಸೂರಿತ್ತು, ಹಾಲಿತ್ತು, ಹಣ್ಣಿತ್ತು. ಮೇಲೆ ಯಾರೂ ಹತ್ತಿ ಬರ್ತಿರಲಿಲ್ಲ. ಬೀಗ ಹಾಕಿದ್ದರೇನು, ಮನಸ್ಸು ಮಾಡಿದ್ರೆ ಇನ್ನೂ ತಿಂಗಳುಗಟ್ಟಲೆ ಇರಬಹುದಿತ್ತು. ಅಂಥ ಜಾಗ ಬಿಟ್ಟು, ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರು, ಸಿಕ್ಕಿಬೀಳ್ತೀನಿ ಅಂತ ಗೊತ್ತಿದ್ದೂ ಯಾಕೆ ಹೊರಗೆ ಬಂದಳು ಹೇಳು?"

ತಂಗಿ ಕೈಯಲ್ಲಿದ್ದ ಟವೆಲನ್ನು ಪಕ್ಕಕ್ಕಿಟ್ಟು ಎದ್ದು ಹೋಗಿ, ಇನ್ನೂ ನಾಲ್ಕು ಗಂಟೆಯ ಬಿಸಿಲಿದ್ದ ಆ ಕೋಣೆಯ ದೀಪ ಹಾಕಿದಳು.